ಕಾಲಬುಡದ ಡಬ್ಬಿ

2002ರಲ್ಲಿ ಕೆನಡಾದ ರಾಕ್ ತಂಡ ‘ರಷ್’ ಊರೂರು ಸುತ್ತಿ ಕಾರ್ಯಕ್ರಮ ಕೊಡುತ್ತಿದ್ದಾಗ, ವೇದಿಕೆಯ ಒಂದು ಬದಿಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳು ಸಾಲಾಗಿ ನಿಂತಿರುತ್ತಿದ್ದವು. ಲಾಂಡ್ರಿಯಲ್ಲಿರುವಂಥ ನಿಜವಾದ ಯಂತ್ರಗಳು. ಒಳಗೆ ಟೀ ಶರ್ಟುಗಳು ಗಿರಗಿರನೆ ತಿರುಗುತ್ತಿದ್ದವು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಅವನ್ನು ಜನರತ್ತ ಎಸೆಯುತ್ತಿದ್ದರು. ಐದು ವರ್ಷ ಕಳೆದು ಮತ್ತೊಂದು ಪ್ರವಾಸಕ್ಕೆ ಹೊರಟಾಗ ಆ ಜಾಗಕ್ಕೆ ಕೋಳಿ ಸುಡುವ ಗಾಜಿನ ಒಲೆಗಳು ಬಂದವು. ಬಾಣಸಿಗನ ವೇಷದವನೊಬ್ಬ ಹಾಡುಗಳ ನಡುವೆ ಬಂದು ಕೋಳಿಗಳ ಯೋಗಕ್ಷೇಮ ನೋಡಿಕೊಂಡು ಹೋಗುತ್ತಿದ್ದ.

ಈ ತಮಾಷೆಗೆ ಕಾರಣವಿತ್ತು. ತಂಡದ ಗಿಟಾರ್ ವಾದಕ ಅಲೆಕ್ಸ್ ಲೈಫ್‌ಸನ್ ಬೆನ್ನ ಹಿಂದೆ ಆಂಪ್ಲಿಫೈಯರುಗಳ ದೊಡ್ಡ ಅಟ್ಟಣೆ. ಬೇಸ್ ನುಡಿಸುತ್ತಲೇ ಹಾಡುವ ಗೆಡ್ಡಿ ಲೀ ಹಿಂದೆ ಏನೂ ಇಲ್ಲ. ಅಷ್ಟು ಹೊತ್ತಿಗೆ ಅವರು ವೇದಿಕೆಯ ಮೇಲಿನ ಬೇಸ್ ಆಂಪ್ಲಿಫೈಯರನ್ನೇ ಬಿಟ್ಟುಬಿಟ್ಟಿದ್ದರು. ಅವರ 1972ರ ಫೆಂಡರ್ ಜಾಝ್ ಬೇಸ್‌ನಿಂದ ಹೊರಟ ಸಂಕೇತ ಕೆಲವು ಪ್ರಿಆಂಪ್ ಪೆಟ್ಟಿಗೆಗಳ ಮೂಲಕ ಹಾದು ನೇರವಾಗಿ ಸಭಾಂಗಣದ ಮಿಕ್ಸರಿಗೆ ಹೋಗುತ್ತಿತ್ತು. ತಮಗೆ ತಾವು ಕೇಳಿಸಿಕೊಳ್ಳಲು ಕಿವಿಯೊಳಗೆ ಸಣ್ಣ ಮಾನಿಟರು. ಹೀಗೆ ಬಣಗುಟ್ಟಿದ ಜಾಗವನ್ನು ತುಂಬಲು ಬಂದವು ಒಣಗಿಸುವ ಯಂತ್ರಗಳು. ಆ ಬೇಸ್ ಸದ್ದನ್ನು ಕೇಳಿದ ಸಾವಿರಾರು ಜನರಲ್ಲಿ ಯಾರಿಗೂ ಆಂಪ್ಲಿಫೈಯರ್ ಇಲ್ಲ ಅನ್ನಿಸಲಿಲ್ಲ.

ಪ್ರಿಆಂಪ್ ಅಂದರೆ ಸ್ಪೀಕರನ್ನು ಅಲುಗಾಡಿಸುವ ದೊಡ್ಡ ಆಂಪ್ಲಿಫೈಯರಿಗಿಂತ ಮುಂಚೆ ಬರುವ ಸಣ್ಣ ಆಂಪ್ಲಿಫೈಯರು. ವಾದ್ಯದಿಂದ ಬರುವ ಬಡಕಲು ಸಂಕೇತವನ್ನು ಒಂದು ಹದಕ್ಕೆ ಎತ್ತಿ, ಬೇಕಾದ ಕಡೆ ಏರಿಸಿ ಬೇಡದ ಕಡೆ ಇಳಿಸಿ ಮುಂದಕ್ಕೆ ಕಳಿಸುವುದು ಅದರ ಕೆಲಸ. ಪ್ರತಿಯೊಂದು ಬೇಸ್ ಆಂಪ್ಲಿಫೈಯರಿನ ಒಳಗೂ ಇದು ಇದ್ದೇ ಇರುತ್ತದೆ. ಮಿಕ್ಸರಿನ ಒಂದೊಂದು ಮೈಕ್ ಚಾನೆಲ್‌ನಲ್ಲೂ ಇರುತ್ತದೆ. ಕೆಲವು ಗಿಟಾರುಗಳ ಹೊಟ್ಟೆಯಲ್ಲೇ ಬ್ಯಾಟರಿಯ ಜೊತೆ ಅಡಗಿರುತ್ತದೆ. ಇಲ್ಲಿ ಹೇಳಹೊರಟಿರುವುದು ಇದನ್ನೇ ಬೇರೆ ಡಬ್ಬಿಯಾಗಿ ಮಾಡಿ ಕಾಲಬುಡದಲ್ಲಿ ಇಟ್ಟುಕೊಳ್ಳುವ ಬಗೆಯನ್ನು.

ಬೇಸ್ ಕಲಿಯಲು ಹಿಡಿದ ಹುಡುಗ ಹುಡುಗಿಯರು ನಾಲ್ಕು ಹಾಡು ಬರುವಷ್ಟರಲ್ಲಿ ‘ನನ್ನ ಟೋನ್ ಸರಿಯಿಲ್ಲ, ಒಂದು ಪ್ರಿಆಂಪ್ ತಗೋಬೇಕು’ ಅನ್ನತೊಡಗುತ್ತಾರೆ. ತಗೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಹೆಚ್ಚಿನವರು ಅದನ್ನು ಕೊಳ್ಳುವುದು ದನಿಗೆ ಸಿಂಗಾರ ಮಾಡಲಿಕ್ಕೆ. ಡಬ್ಬಿಗೆ ಅದಕ್ಕಿಂತ ದೊಡ್ಡ ಎರಡು ಕೆಲಸಗಳಿವೆ. ತಂತಿಯಿಂದ ಹೊರಟದ್ದು ದಾರಿಯಲ್ಲಿ ಸೋರಿಹೋಗದಂತೆ ಕಾಯುವುದು ಒಂದು, ಉಳಿದ ವಾದ್ಯಗಳ ನಡುವೆ ಅದಕ್ಕೆ ಕೂರಲು ಜಾಗ ಮಾಡಿಕೊಡುವುದು ಇನ್ನೊಂದು. ಇವೆರಡೂ ಆಗದೆ ಉಳಿದ ಸಿಂಗಾರವೆಲ್ಲ ಮನೆಯ ಕೋಣೆಯಲ್ಲಷ್ಟೇ ಚೆಂದ.

ಸೋರುವ ದಾರಿ

ಬೇಸ್ ಗಿಟಾರಿನ ದಪ್ಪ ತಂತಿ, ಪಾಶ್ಚಾತ್ಯರ ‘ಇ’, ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಐದು ತಂತಿಯ ಬೇಸ್ ಆದರೆ ಅದಕ್ಕೂ ಕೆಳಗೆ ಒಂದು ‘ಬಿ’ ಇರುತ್ತದೆ, ಹೆಚ್ಚುಕಡಿಮೆ 31 ಹರ್ಟ್ಸ್. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು, ಇದೇ ಪಿಕಪ್. ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಕ್ಷೇತ್ರ ಕದಡಿ, ತಾಮ್ರದ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತದೆ. ಬ್ಯಾಟರಿಯಿಲ್ಲದ ಬೇಸ್‌ನಲ್ಲಿ ಇಷ್ಟೇ ಬಂಡವಾಳ. ವೋಲ್ಟೇಜ್ ಕಡಿಮೆ ಎನ್ನುವುದಕ್ಕಿಂತ, ಅದನ್ನು ಮುಂದೆ ತಳ್ಳುವ ಕಸುವು ಇಲ್ಲ ಎನ್ನುವುದೇ ಇಲ್ಲಿನ ತೊಂದರೆ.

ಓವರ್‌ಹೆಡ್ ಟ್ಯಾಂಕಿನಿಂದ ಸಪೂರ ಪೈಪಿನಲ್ಲಿ ನೀರಿಳಿಯುವ ಮನೆಯಲ್ಲಿ ಕೆಳಗಿನ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿದರೆ ಮೇಲಿನ ಶವರ್ ತೊಟ್ಟಿಕ್ಕತೊಡಗುತ್ತದೆ. ಟ್ಯಾಂಕಿನಲ್ಲಿ ನೀರಿದೆ, ಎಳೆಯುವವರು ಹೆಚ್ಚಾದರು ಅಷ್ಟೇ. ಪಿಕಪ್ಪಿನ ಮುಂದೆ ಏನನ್ನು ಜೋಡಿಸುತ್ತೇವೋ ಅದು ಹೀಗೆ ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎಂಬುದನ್ನು ಹೇಳುವ ಅಳತೆಗೆ ಇಂಪೀಡೆನ್ಸ್ ಎಂದು ಹೆಸರು, ಓಮ್‌ಗಳಲ್ಲಿ ಲೆಕ್ಕ. ಓಮ್ ಹೆಚ್ಚಿದ್ದಷ್ಟೂ ಎಳೆತ ಕಡಿಮೆ. ಗಿಟಾರಿಗೆಂದೇ ಮಾಡಿದ ಆಂಪ್ಲಿಫೈಯರಿನ ಬಾಯಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷ ಓಮ್ ಇರುತ್ತದೆ. ಮಿಕ್ಸರಿನ ‘ಲೈನ್’ ಎಂಬ ರಂಧ್ರದಲ್ಲಿ ಇರುವುದು ಹತ್ತು ಸಾವಿರದ ಆಸುಪಾಸು. ಪಿಕಪ್ಪಿನದೇ ಇಂಪೀಡೆನ್ಸ್, ಅಂದರೆ ಅದರೊಳಗಿನ ಅಡ್ಡಿ, ತಗ್ಗಿನ ಸ್ವರಗಳಲ್ಲಿ ಹತ್ತು ಸಾವಿರ ಓಮ್‌ನಷ್ಟಿದ್ದರೆ, ಸುರುಳಿಯ ಗುಣದಿಂದಾಗಿ ಮೇಲಕ್ಕೆ ಹೋದಂತೆ ಏರುತ್ತ 3,000 ಹರ್ಟ್ಸ್ ಹೊತ್ತಿಗೆ ಲಕ್ಷ ಓಮ್‌ನ ಹತ್ತಿರಕ್ಕೆ ಬಂದಿರುತ್ತದೆ. ಅದನ್ನು ಹತ್ತು ಸಾವಿರದ ಬಾಯಿಗೆ ಚುಚ್ಚಿದರೆ ತಗ್ಗಿನ ಸದ್ದು ಅರ್ಧಕ್ಕಿಳಿಯುತ್ತದೆ, ಬೆರಳು ತಂತಿಯನ್ನು ಮೀಟಿದ ಆ ಚುರುಕು ಪೂರ್ತಿ ಸತ್ತುಹೋಗುತ್ತದೆ.

ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಇದನ್ನು ವರ್ಷವರ್ಷವೂ ಕೇಳಬಹುದು. ಸೌಂಡಿನವರು ಕೀಬೋರ್ಡಿನ ವೈರನ್ನು ಲೈನ್ ರಂಧ್ರಕ್ಕೆ ಹಾಕುತ್ತಾರೆ, ಪ್ಯಾಡಿನದನ್ನೂ ಹಾಕುತ್ತಾರೆ, ಅದೇ ಕೈಯಲ್ಲಿ ಬೇಸ್ ಗಿಟಾರಿನದನ್ನೂ ಹಾಕುತ್ತಾರೆ. ಮೊದಲೆರಡಕ್ಕೆ ತಮ್ಮದೇ ವಿದ್ಯುತ್ತಿದೆ, ಅವು ಯಾವ ಬಾಯಿಗಾದರೂ ಜಗ್ಗುವುದಿಲ್ಲ. ಬೇಸ್ ಮಾತ್ರ ಮಂಕಾಗಿ, ಸ್ವರ ಯಾವುದೆಂದೇ ತಿಳಿಯದ ಗುಂಯ್ ಆಗಿ ಹೊರಬರುತ್ತದೆ. ‘ಬೇಸ್ ಕೇಳ್ತಿಲ್ಲ’ ಎಂದರೆ ಸೌಂಡಿನವರು ತಗ್ಗಿನ ಗುಂಡಿಯನ್ನು ಇನ್ನಷ್ಟು ಏರಿಸುತ್ತಾರೆ. ಪೆಂಡಾಲಿನ ತಗಡು ಅದುರುತ್ತದೆ. ಹಿಂದಿನ ಸಾಲಿನ ಹಿರಿಯರು ಎದೆ ಹಿಡಿದುಕೊಳ್ಳುತ್ತಾರೆ. ಆಮೇಲೆ ಇಡೀ ಚಾನೆಲ್ಲನ್ನೇ ಇಳಿಸಲಾಗುತ್ತದೆ. ವಾದಕನ ಕೈಯಲ್ಲಿ ದೋಷವಿಲ್ಲ, ಸೌಂಡಿನವರ ಕಿವಿಯಲ್ಲೂ ಇಲ್ಲ. ನಡುವೆ ಹತ್ತು ಲಕ್ಷ ಓಮ್‌ನ ಒಂದು ಬಾಯಿ ಬೇಕಿತ್ತು. ಹೊರಗಿನ ಪ್ರಿಆಂಪ್ ಬೇರೇನೂ ಮಾಡದೆ, ಅದರ ಗುಂಡಿಗಳೆಲ್ಲ ನಡುಮಧ್ಯಕ್ಕೆ ನಿಂತಿದ್ದರೂ ಸಹ, ಇಲ್ಲಿ ಟೋನ್ ‘ಸುಧಾರಿಸಿದಂತೆ’ ಕೇಳುತ್ತದೆ. ಇದ್ದದ್ದನ್ನು ಅದು ಉಳಿಸಿತು, ಅಷ್ಟೇ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಒಂದು ವಿಷಯವಿದೆ. ಗಿಟಾರಿನಿಂದ ಡಬ್ಬಿಯವರೆಗೆ ಬರುವ ಮೊದಲ ಕೇಬಲ್ಲಿನಲ್ಲಿ ಕಳೆದುಹೋದದ್ದನ್ನು ಯಾವ ಡಬ್ಬಿಯೂ ಮರಳಿ ತರಲಾರದು. ಕೇಬಲ್ಲಿನ ಒಳತಂತಿಗೂ ಮೇಲಿನ ಹೆಣಿಗೆಗೂ ನಡುವೆ ಮೀಟರಿಗೆ ಸುಮಾರು ನೂರು ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಕೇಬಲ್ ಉದ್ದವಾದಷ್ಟೂ ಮೇಲಿನ ಸ್ವರಾಂಶಗಳು ಅದರಲ್ಲಿ ಇಂಗುತ್ತವೆ. ಡಬ್ಬಿ ದಾಟಿದ ಮೇಲೆ ಈ ಕಾಟ ಹೆಚ್ಚುಕಡಿಮೆ ಇಲ್ಲ, ಅಲ್ಲಿಂದ ಮುಂದೆ ಐವತ್ತು ಮೀಟರು ಎಳೆದರೂ ನಡೆದೀತು. ಹಾಗಾಗಿ ಚಿಕ್ಕ ಕೇಬಲ್ ಮುಂಚೆ, ಉದ್ದದ್ದು ಆಮೇಲೆ. ಈ ಸೋರಿಕೆಯಿಂದಲೇ ಬರುವ ತುಸು ಮೆತ್ತನೆಯ ದನಿಯನ್ನು ಇಷ್ಟಪಡುವವರೂ ಉಂಟು. ಅಂಥವರು ಉದ್ದ ಕೇಬಲ್ಲನ್ನೇ ಇಟ್ಟುಕೊಳ್ಳಲಿ. ಕೈತಪ್ಪಿ ಬಂದದ್ದು ಬೇರೆ, ಆರಿಸಿಕೊಂಡದ್ದು ಬೇರೆ.

ಒಳಗಿನದು ಹೊರಬಂದದ್ದು

ಲಿಯೋ ಫೆಂಡರ್ 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಿಂದ ಪ್ರಿಸಿಶನ್ ಬೇಸನ್ನು ಮಾರುಕಟ್ಟೆಗೆ ತಂದಾಗ ಅದರ ಮೇಲೆ ಇದ್ದದ್ದು ಎರಡೇ ಗುಂಡಿ. ಒಂದು ಸದ್ದಿಗೆ, ಇನ್ನೊಂದು ಟೋನಿಗೆ. ಟೋನಿನ ಗುಂಡಿ ಏರಿಸುವುದಕ್ಕಲ್ಲ, ಕತ್ತರಿಸುವುದಕ್ಕೆ ಮಾತ್ರ. ಒಂದು ಕೆಪಾಸಿಟರ್ ಮೂಲಕ ಮೇಲಿನ ಸ್ವರಾಂಶಗಳನ್ನು ನೆಲಕ್ಕೆ ಹರಿಸಿಬಿಡುತ್ತದೆ. ಉಳಿದದ್ದೆಲ್ಲ ಆಂಪ್ಲಿಫೈಯರಿನ ಪಾಲು. ಆ ಆಂಪ್ಲಿಫೈಯರುಗಳು ಬೆಳೆಯುತ್ತ ಬೆಳೆಯುತ್ತ 1969ರ ಆಂಪೆಗ್ ಎಸ್‌ವಿಟಿವರೆಗೆ ಬಂದವು. ಮುನ್ನೂರು ವ್ಯಾಟ್, ಹದಿನಾಲ್ಕು ವಾಲ್ವು, ಅದರ ಕೆಳಗೆ ಹತ್ತು ಇಂಚಿನ ಎಂಟು ಸ್ಪೀಕರುಗಳ ಪೆಟ್ಟಿಗೆ. ಆ ಪೆಟ್ಟಿಗೆಗೆ ವಾದಕರು ಇಟ್ಟ ಅಡ್ಡಹೆಸರು ಫ್ರಿಜ್. ಸದ್ದು ಮಾತ್ರ ಇವತ್ತಿಗೂ ಅಳತೆಗೋಲು. ಅದನ್ನು ಹೊತ್ತವರ ಬೆನ್ನು ಏನಾಯಿತೆಂದು ಯಾರೂ ಬರೆದಿಟ್ಟಿಲ್ಲ.

ಅದೇ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡದ ಜೊತೆಗಾರರಾಗಿ ‘ಅಲೆಂಬಿಕ್’ ಎಂಬ ಗುಂಪು ಹುಟ್ಟಿಕೊಂಡಿತು. ಇದರ ಎಲೆಕ್ಟ್ರಾನಿಕ್ಸ್ ತಲೆ ರಾನ್ ವಿಕರ್‌ಶ್ಯಾಮ್. ಧ್ವನಿಮುದ್ರಣ ಯಂತ್ರಗಳ ಕಂಪನಿಯಲ್ಲಿ ಪಳಗಿ ಬಂದವರು. ಸ್ಟುಡಿಯೋದಲ್ಲಿ ಸಿಗುವ ಸ್ವಚ್ಛತೆ ವೇದಿಕೆಯ ಮೇಲೆ ಯಾಕೆ ಸಿಗಬಾರದು ಎಂದು ಹೊರಟ ಇವರು ಪ್ರಿಆಂಪನ್ನು ವಾದ್ಯದೊಳಗೇ ಕೂರಿಸಿದರು. ಬೇಸ್ ವಾದಕರಾದ ಫಿಲ್ ಲೆಶ್, ಜ್ಯಾಕ್ ಕ್ಯಾಸಡಿ, ಆಮೇಲೆ ಸ್ಟ್ಯಾನ್ಲಿ ಕ್ಲಾರ್ಕ್ ಕೈಗೆ ಹೋದ ಆ ಬೇಸ್‌ಗಳಲ್ಲಿ ಅಲ್ಲಿಯವರೆಗೆ ಯಾರೂ ಕೇಳದಷ್ಟು ಹೊಳಪಿತ್ತು. ಇದೇ ಅಲೆಂಬಿಕ್ ಎಫ್-2ಬಿ ಎಂಬ ಹೊರಗಿನ ವಾಲ್ವ್ ಪ್ರಿಆಂಪನ್ನೂ ಮಾಡಿತು. ಅದರ ಒಳಗಿನ ನಕ್ಷೆಗೆ ಫೆಂಡರ್ ಆಂಪ್ಲಿಫೈಯರಿನ ಮೊದಲ ಹಂತವೇ ಆಧಾರ. ಅಂದರೆ ಒಳ್ಳೆಯ ಆಂಪ್ಲಿಫೈಯರಿನ ತಲೆಯನ್ನಷ್ಟೇ ಬೇರ್ಪಡಿಸಿ ಬೇರೆ ಪೆಟ್ಟಿಗೆಯಲ್ಲಿ ಹಾಕಿಕೊಟ್ಟರು. ಹೊರಗಿನ ಪ್ರಿಆಂಪ್ ಎಂಬ ಯೋಚನೆಯ ಬೀಜ ಅಲ್ಲೇ ಇದೆ.

1976ರಲ್ಲಿ ಲಿಯೋ ಫೆಂಡರ್ ತಮ್ಮ ಹೊಸ ಕಂಪನಿ ಮ್ಯೂಸಿಕ್ ಮ್ಯಾನ್‌ನಿಂದ ಸ್ಟಿಂಗ್‌ರೇ ಬೇಸ್ ತಂದರು. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುವ ಬೇಸ್‌ನೊಳಗೂ ಒಂಬತ್ತು ವೋಲ್ಟಿನ ಬ್ಯಾಟರಿ, ಪ್ರಿಆಂಪ್ ಬಂದಂತಾಯಿತು. ನ್ಯೂಯಾರ್ಕಿನಲ್ಲಿ ಗಿಟಾರ್ ತಯಾರಕ ರೋಜರ್ ಸಡಾವ್‌ಸ್ಕಿ ಆಗಿನ್ನೂ ಎಳೆಯ ವಯಸ್ಸಿನ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸ್‌ಗೆ ಪ್ರಿಆಂಪ್ ಕೂರಿಸಿಕೊಟ್ಟರು. ಮುಂದೆ ನೂರಾರು ಧ್ವನಿಮುದ್ರಿಕೆಗಳಲ್ಲಿ ಕೇಳಿದ, ಹೆಬ್ಬೆರಳಿನಿಂದ ತಂತಿಗೆ ಹೊಡೆಯುವ ಆ ಚಟಪಟ ಸ್ಲ್ಯಾಪ್ ಸದ್ದಿನ ಗುಟ್ಟುಗಳಲ್ಲಿ ಅದೂ ಒಂದು.

ಹಾಗಿದ್ದರೆ ಡಬ್ಬಿ ಹೊರಗೆ ಯಾಕೆ? ಹಳೆಯ, ಬೆಲೆಬಾಳುವ ವಾದ್ಯದ ಮರ ಕೊರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಎರಡು ಮೂರು ಬೇಸ್ ಇದ್ದವರಿಗೆ ಒಂದೇ ಡಬ್ಬಿ ಸಾಕು. ಒಳಗಿನ ಬ್ಯಾಟರಿ ಹಾಡಿನ ನಡುವೆ ಕೈಕೊಟ್ಟರೆ ವಾದ್ಯವೇ ಮೂಕವಾಗುತ್ತದೆ. ಹೊರಗಿನದಾದರೆ ಕೇಬಲ್ ಕಿತ್ತು ಬೇರೆಡೆ ಚುಚ್ಚಬಹುದು. ಇದಕ್ಕೆಲ್ಲ ಮಿಗಿಲಾಗಿ, ಪ್ರತಿ ಊರಿನ ವೇದಿಕೆಯಲ್ಲೂ ಬೇರೆ ಬೇರೆ ಬಾಡಿಗೆ ಆಂಪ್ಲಿಫೈಯರು ಸಿಗುವ ವಾದಕನಿಗೆ, ಚೀಲದಲ್ಲಿ ಹಿಡಿಯುವ ಒಂದು ಸ್ಥಿರವಾದ ದನಿ ಜೊತೆಗಿರುತ್ತದೆ.

ಈ ಡಬ್ಬಿಗಳ ಒಳಗೆ ಇಣುಕಿದರೆ ಬಹುಪಾಲು ಎಲ್ಲದರಲ್ಲೂ ಒಬ್ಬನೇ ಮನುಷ್ಯನ ನೆರಳು ಕಾಣುತ್ತದೆ. ಪೀಟರ್ ಬ್ಯಾಕ್ಸಂಡಲ್ ಎಂಬ ಇಂಗ್ಲಿಷ್ ಎಂಜಿನಿಯರ್ 1952ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಟೋನ್ ಕಂಟ್ರೋಲ್ ನಕ್ಷೆ ಪ್ರಕಟಿಸಿದರು. ತಗ್ಗನ್ನೂ ಮೇಲನ್ನೂ ಬೇರೆ ಬೇರೆಯಾಗಿ ಏರಿಸಬಹುದು, ಇಳಿಸಲೂಬಹುದು. ಗುಂಡಿ ನಡುವೆ ನಿಂತರೆ ಏನೂ ಬದಲಾಗುವುದಿಲ್ಲ. ಮನೆಯ ಹಳೆಯ ಟೇಪ್ ರೆಕಾರ್ಡರಿನ ‘ಬೇಸ್’, ‘ಟ್ರೆಬಲ್’ ಗುಂಡಿಗಳಿಂದ ಹಿಡಿದು ಲಕ್ಷ ರೂಪಾಯಿಯ ಬೇಸ್ ಗಿಟಾರಿನವರೆಗೆ ಅದೇ ನಕ್ಷೆಯ ಮಕ್ಕಳು ಮೊಮ್ಮಕ್ಕಳು. ಇಷ್ಟು ಜನ ದಿನವೂ ಮುಟ್ಟುವ ವಸ್ತುವನ್ನು ಕಟ್ಟಿಕೊಟ್ಟವರ ಹೆಸರು ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ವಿಚಿತ್ರ.

ಇಲ್ಲದ ಸ್ವರವನ್ನು ಕೇಳುವ ಕಿವಿ

ಇನ್ನು ಗುಂಡಿಗಳನ್ನು ಎತ್ತ ತಿರುಗಿಸಬೇಕು ಎಂಬ ಪ್ರಶ್ನೆ. ಉತ್ತರ ಎಲೆಕ್ಟ್ರಾನಿಕ್ಸಿನಲ್ಲಿಲ್ಲ, ಕಿವಿಯಲ್ಲಿದೆ.

1981ರ ‘ಗೀತಾ’ ಚಿತ್ರವನ್ನು ನೆನೆಸಿಕೊಳ್ಳಿ. ಶಂಕರ್ ನಾಗ್ ನಿರ್ದೇಶನ, ಇಳಯರಾಜಾ ಸಂಗೀತ. ಆ ಹಾಡುಗಳಲ್ಲಿ ಬೇಸ್ ಗಿಟಾರ್ ಹಿಂದೆ ನಿಂತು ತಾಳ ಹಾಕುವುದಿಲ್ಲ. ಪಲ್ಲವಿಯ ಕೆಳಗೆ ತನ್ನದೇ ಒಂದು ಹಾಡು ಹೇಳಿಕೊಂಡು ನಡೆಯುತ್ತದೆ. ನಮ್ಮಲ್ಲಿ ಬಹಳ ಜನ ಅದನ್ನು ಮೊದಲು ಕೇಳಿದ್ದು ಥಿಯೇಟರಿನಲ್ಲಲ್ಲ, ಅಂಗೈಯಗಲದ ಸ್ಪೀಕರಿನ ಟ್ರಾನ್ಸಿಸ್ಟರಿನಲ್ಲಿ. ಅಷ್ಟು ಸಣ್ಣ ಸ್ಪೀಕರಿಗೆ 41 ಹರ್ಟ್ಸ್ ಇರಲಿ, 100 ಹರ್ಟ್ಸನ್ನು ನೆಟ್ಟಗೆ ಹೊರಡಿಸುವ ತಾಕತ್ತೂ ಇರುವುದಿಲ್ಲ. ಆದರೂ ನಾವು ಬೇಸ್ ಕೇಳಿದೆವು, ಗುನುಗಿಯೂ ಗುನುಗಿದೆವು. ಹೇಗೆ?

ಯಾವ ತಂತಿಯೂ ಒಂದೇ ಸ್ವರವನ್ನು ನುಡಿಯುವುದಿಲ್ಲ. ತಂಬೂರಿಯ ಮಂದ್ರದ ತಂತಿಯನ್ನು ಮೀಟಿದಾಗ ಯಾರೂ ಶ್ರುತಿ ಮಾಡದ ಗಾಂಧಾರ ತಾನಾಗಿ ಮೇಲೆದ್ದು ಬರುವುದನ್ನು ಸಂಗೀತ ಬಲ್ಲವರು ಸ್ವಯಂಭೂ ಎನ್ನುತ್ತಾರೆ. ಬೇಸ್‌ನ 41 ಹರ್ಟ್ಸಿನ ತಂತಿಯೂ ಜೊತೆಜೊತೆಗೆ 82, 123, 164, 205 ಎಂದು ಮೆಟ್ಟಿಲು ಮೆಟ್ಟಿಲಾಗಿ ಉಪಸ್ವರಗಳನ್ನು ಹೊರಡಿಸುತ್ತದೆ. ಸಣ್ಣ ಸ್ಪೀಕರು ಕೆಳಗಿನ ಮೆಟ್ಟಿಲುಗಳನ್ನು ನುಂಗಿ ಮೇಲಿನವನ್ನು ಮಾತ್ರ ಕೊಡುತ್ತದೆ. ಮೆಟ್ಟಿಲುಗಳ ನಡುವಿನ ಅಂತರ 41 ಎಂಬುದನ್ನು ಗಮನಿಸಿದ ಮಿದುಳು, ಬುಡದಲ್ಲಿ 41 ಇದ್ದಿರಲೇಬೇಕು ಎಂದು ತಾನೇ ಅದನ್ನು ಕೂಡಿಸಿಕೊಂಡು ಕೇಳುತ್ತದೆ. 1940ರ ಹೊತ್ತಿಗೆ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ಕೌಟೆನ್ ಎಂಬ ವಿಜ್ಞಾನಿ ಇದನ್ನು ಬಗೆಬಗೆಯಾಗಿ ಪರೀಕ್ಷಿಸಿದ್ದರು. ಹಳೆಯ ಲ್ಯಾಂಡ್‌ಲೈನ್ ಫೋನು 300 ಹರ್ಟ್ಸಿಗಿಂತ ಕೆಳಗಿನದನ್ನು ದಾಟಿಸುತ್ತಲೇ ಇರಲಿಲ್ಲ. ಗಂಡಸರ ಮಾತಿನ ಮೂಲ ಸ್ವರ ಇರುವುದು ಅದಕ್ಕಿಂತ ಬಹಳ ಕೆಳಗೆ. ಆದರೂ ದೂರದೂರಿನಿಂದ ಅಪ್ಪ ಮಾತಾಡಿದಾಗ ಅವರ ಗಡಸು ಗಂಟಲು ಗಂಡಸಿನದಾಗಿಯೇ ಕೇಳುತ್ತಿತ್ತು.

ಇದನ್ನು ಅರಿತವರು ಪ್ರಿಆಂಪಿನ ಗುಂಡಿಯನ್ನು ಬೇರೆ ರೀತಿಯಲ್ಲಿ ತಿರುಗಿಸುತ್ತಾರೆ. ಬೇಸ್ ಕೇಳಿಸುತ್ತಿಲ್ಲ ಎಂದರೆ ತಗ್ಗನ್ನು ಏರಿಸಬೇಕು ಎಂದು ಮೊದಲು ತೋಚುತ್ತದೆ. ಆದರೆ 60ರಿಂದ 100 ಹರ್ಟ್ಸಿನ ಜಾಗದಲ್ಲಿ ಡ್ರಮ್ಮಿನ ಕಿಕ್ ಆಗಲೇ ಕಾಲು ಚಾಚಿ ಕೂತಿದೆ. ಗಿಟಾರಿನ ಕೊನೆಯ ತಂತಿ 82ರಿಂದ ಶುರು. ಕೀಬೋರ್ಡಿನವರ ಎಡಗೈ ಸುಮ್ಮನಿರುವುದಿಲ್ಲ. ಬೇಸ್‌ನ ಗುರುತು ಇರುವುದು ಅದರ ಉಪಸ್ವರಗಳಲ್ಲಿ, ಹೆಚ್ಚುಕಡಿಮೆ 250ರಿಂದ 800 ಹರ್ಟ್ಸಿನ ನಡುವೆ. ಅಲ್ಲಿ ಎರಡು ಮೂರು ಡೆಸಿಬಲ್ ಏರಿಸಿದರೆ ಇಡೀ ವಾದ್ಯ ಮುಂದಕ್ಕೆ ಬರುತ್ತದೆ. ಕೇಳುಗನ ಮಿದುಳು ಬುಡವನ್ನು ತಾನೇ ಹುಡುಕಿಕೊಳ್ಳುತ್ತದೆ. ತೊಂದರೆಯೆಂದರೆ ಆ ನಡುವಿನ ಭಾಗ ಒಂಟಿಯಾಗಿ ಕೇಳಿದಾಗ ಒರಟು, ಮೂಗಿನ ದನಿ. ಕೋಣೆಯಲ್ಲಿ ಒಬ್ಬರೇ ಕೂತು ನುಡಿಸುವವರು ಅದನ್ನು ಕೇಳಿ ಮುಖ ಸಿಂಡರಿಸಿ, ನಡುವನ್ನು ಇಳಿಸಿ ತಗ್ಗು ಮತ್ತು ಮೇಲನ್ನು ಏರಿಸುತ್ತಾರೆ. ಗ್ರಾಫಿಕ್ ಈಕ್ವಲೈಜರಿನ ಗುಂಡಿಗಳು ನಗುಮುಖದ ಆಕಾರಕ್ಕೆ ಬರುತ್ತವೆ. ಒಂಟಿಯಾಗಿ ಅದು ಅದ್ಭುತ. ಮರುದಿನ ತಂಡದ ಜೊತೆ ಬೇಸ್ ಎಲ್ಲಿದೆ ಎಂದು ಹುಡುಕಬೇಕು.

ಮಾರ್ಕಸ್ ಮಿಲ್ಲರ್ ಸದ್ದು ಅದೇ ನಗುಮುಖವಲ್ಲವೇ ಎಂದು ಯಾರಾದರೂ ಕೇಳಿಯಾರು. ಸರಿಯಾದ ಪ್ರಶ್ನೆ. ಸಡಾವ್‌ಸ್ಕಿ ಪ್ರಿಆಂಪ್ ಏರಿಸುವುದು 40 ಹರ್ಟ್ಸ್ ಮತ್ತು 4,000 ಹರ್ಟ್ಸಿನ ಸುತ್ತಮುತ್ತಲನ್ನೇ, ನಡುವನ್ನು ಮುಟ್ಟುವುದಿಲ್ಲ. ಆದರೆ ಮಿಲ್ಲರ್ ನುಡಿಸುವ ಸಂಗೀತದಲ್ಲಿ ಬೇಸೇ ಮುಖ್ಯ ಪಾತ್ರ, ಉಳಿದವರು ಅದಕ್ಕೆ ಜಾಗ ಬಿಟ್ಟು ಕೂತಿರುತ್ತಾರೆ. ಎರಡು ಗಿಟಾರು, ಒಂದು ಕೀಬೋರ್ಡು, ಡೋಲಕ್ಕು, ಪ್ಯಾಡು ಎಲ್ಲ ಒಟ್ಟಿಗೆ ಮೊಳಗುವ ವೇದಿಕೆಯಲ್ಲಿ ಆ ಔದಾರ್ಯ ಯಾರಿಂದ ನಿರೀಕ್ಷಿಸುವುದು?

ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದಂತೆ, ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿ ತಗ್ಗಿನ ಸ್ವರಗಳಿಗೆ ಮಂದವಾಗಿರುತ್ತದೆ. ಸದ್ದು ಏರಿದಂತೆ ಆ ಮಂದತನ ಕಡಿಮೆಯಾಗುತ್ತದೆ. ಪಕ್ಕದ ಮನೆಯವರಿಗೆ ಹೆದರಿ ಮೆಲ್ಲಗೆ ನುಡಿಸುತ್ತ ಹದ ಮಾಡಿಕೊಂಡ ಟೋನಿನಲ್ಲಿ ತಗ್ಗು ತಾನಾಗಿ ಹೆಚ್ಚು ಸೇರಿರುತ್ತದೆ. ಅದನ್ನೇ ವೇದಿಕೆಯ ಸದ್ದಿಗೆ ಏರಿಸಿದರೆ ಕೆಸರು. ಹಾಗಾಗಿ ಮನೆಯಲ್ಲಿ ಮಾಡಿಟ್ಟ ಗುಂಡಿಯ ಗುರುತುಗಳನ್ನು ವೇದಿಕೆಯಲ್ಲಿ ನಂಬಬೇಡಿ. ಎಲ್ಲವನ್ನೂ ನಡುವಿಗೆ ತಂದು, ತಂಡ ಪೂರ್ತಿ ನುಡಿಸುತ್ತಿರುವಾಗ, ಕತ್ತರಿಸುವುದರಿಂದ ಶುರುಮಾಡಿ.

ಕೊಂಚ ಒರಟು, ಕೊಂಚ ನೆಲ

ಉಪಸ್ವರಗಳನ್ನು ಹೆಚ್ಚಿಸಲು ಈಕ್ವಲೈಜರಲ್ಲದೆ ಇನ್ನೊಂದು ದಾರಿಯಿದೆ: ಸಂಕೇತವನ್ನು ತುಸು ಒಡೆಯುವುದು. ವಾಲ್ವ್ ಆಂಪ್ಲಿಫೈಯರನ್ನು ಜೋರಾಗಿ ದುಡಿಸಿದಾಗ ಅಲೆಯ ತುದಿ ಚಪ್ಪಟೆಯಾಗಿ, ಮೂಲದಲ್ಲಿ ಅಷ್ಟಾಗಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ. ಎಸ್‌ವಿಟಿಯ ಸದ್ದಿನಲ್ಲಿರುವ ಗುರುಗುರು ಇದೇ. ಆ ಫ್ರಿಜ್ಜನ್ನು ಹೊರದೆ ಅದೇ ಗುಣ ಪಡೆಯಲು ನ್ಯೂಯಾರ್ಕಿನ ಆಂಡ್ರ್ಯೂ ಬಾರ್ಟಾ 1989ರಲ್ಲಿ ಸ್ಯಾನ್ಸ್‌ಆಂಪ್ ಎಂಬ ಪುಟ್ಟ ಡಬ್ಬಿ ತಂದರು. ಅವರ ಕಂಪನಿ ಟೆಕ್ 21. ಅದರ ಬೇಸ್ ಆವೃತ್ತಿ ಆಮೇಲೆ ಪ್ರಪಂಚದಾದ್ಯಂತ ಬೇಸ್ ವಾದಕರ ಕಾಲಬುಡ ಸೇರಿತು. ಗೆಡ್ಡಿ ಲೀ ಪೆಟ್ಟಿಗೆಗಳಲ್ಲೂ ಟೆಕ್ 21 ಇತ್ತು, ಈಗ ಅವರ ಹೆಸರಿನದೇ ಮಾದರಿಗಳಿವೆ.

ಆ ಡಬ್ಬಿಯ ಮೇಲಿನ ಗುಂಡಿಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಸದ್ದನ್ನು ಒಡೆಯುವ ‘ಡ್ರೈವ್’ ಅಲ್ಲ, ‘ಬ್ಲೆಂಡ್’. ಒಡೆದ ಸದ್ದನ್ನೂ ಒಡೆಯದ ಮೂಲವನ್ನೂ ಎಷ್ಟೆಷ್ಟು ಬೆರೆಸಬೇಕು ಎಂದು ಅದು ಕೇಳುತ್ತದೆ. ಗಿಟಾರಿನವರಿಗೆ ಬೇಕಿಲ್ಲದ ಈ ಗುಂಡಿ ಬೇಸಿನವರಿಗೆ ಪ್ರಾಣ. ಪೂರ್ತಿ ಒಡೆದ ಬೇಸ್‌ನಲ್ಲಿ ಮೇಲೆ ಕರಕರ ಬರುತ್ತದೆ, ಕೆಳಗಿನ ನೆಲ ಕುಸಿಯುತ್ತದೆ. ಹೆಲ್ಸಿಂಕಿಯಲ್ಲಿ ಚಿಲಿ ಮೂಲದ ಡಗ್ಲಾಸ್ ಕ್ಯಾಸ್ಟ್ರೋ ಕಟ್ಟಿದ ಡಾರ್ಕ್‌ಗ್ಲಾಸ್ ಕಂಪನಿ ಮೆಟಲ್ ಸಂಗೀತದ ಬೇಸ್ ಸದ್ದನ್ನೇ ಬದಲಿಸಿದ್ದು ಬಹುಮಟ್ಟಿಗೆ ಈ ಬೆರಕೆಯ ಹದದಿಂದ. ಸ್ಯಾನ್ಸ್‌ಆಂಪ್ ಬೇಸ್ ಡಬ್ಬಿಯ ಮೊದಲ ಆವೃತ್ತಿಯಲ್ಲಿ ನಡುಸ್ವರದ ಗುಂಡಿಯೇ ಇರಲಿಲ್ಲ ಎನ್ನುವುದನ್ನೂ ಹೇಳಬೇಕು. ಮೇಲೆ ಹೇಳಿದ ನಗುಮುಖ ಅದರಲ್ಲಿ ತುಸು ಬೆರೆತೇ ಬರುತ್ತಿತ್ತು. ಎರಡನೇ ಆವೃತ್ತಿಯಲ್ಲಿ ಆ ಗುಂಡಿ ಬಂತು. ಹಳೆಯ ಪ್ರತಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಇದನ್ನು ನೋಡಿಕೊಳ್ಳಲಿ.

ಇಂಥ ಬಹುತೇಕ ಡಬ್ಬಿಗಳ ಬದಿಯಲ್ಲಿ ಮೈಕಿನ ಮೂರು ಪಿನ್ನಿನ ಸಾಕೆಟ್ ಇರುತ್ತದೆ. ಇದೇ ಡಿಐ, ವಾದ್ಯವನ್ನು ನೇರ ಮಿಕ್ಸರಿಗೆ ಕೊಡುವ ವ್ಯವಸ್ಥೆ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಎಂಜಿನಿಯರ್ ಕೆನ್ ಟೌನ್ಸೆಂಡ್ ಮಾಡಿಕೊಟ್ಟ ಅಂಥದೇ ಪೆಟ್ಟಿಗೆಯ ಮೂಲಕ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1967ರಲ್ಲಿ ಬೇಸ್ ನುಡಿಸಿದ್ದರು. ಮೂರು ಪಿನ್ನಿನಲ್ಲಿ ಒಂದೇ ಸಂಕೇತ ನೆಟ್ಟಗೊಂದು, ತಿರುವುಮುರುವಾಗೊಂದು ಎಂದು ಎರಡು ತಂತಿಯಲ್ಲಿ ಹೋಗುತ್ತದೆ. ದಾರಿಯಲ್ಲಿ ಅಂಟಿಕೊಂಡ ಗದ್ದಲ ಎರಡರಲ್ಲೂ ಒಂದೇ ಆಗಿರುವುದರಿಂದ ಮಿಕ್ಸರಿನಲ್ಲಿ ಕಳೆದುಹೋಗುತ್ತದೆ.

ಗದ್ದಲ ಎಂದಾಗ ನಮ್ಮ ಕರೆಂಟಿನ ಮಾತು ಬರಬೇಕು. ಭಾರತದ ವಿದ್ಯುತ್ತು 50 ಹರ್ಟ್ಸ್. ಬೇಸ್‌ನ ‘ಇ’ ತಂತಿಯ ಮೂರನೇ ಮನೆಯ ‘ಜಿ’ ಸ್ವರ 49 ಹರ್ಟ್ಸ್. ವೈರಿಂಗಿನಿಂದ ಬರುವ ಝೇಂಕಾರ ಬೇಸ್‌ನ ಅಂಗಳದಲ್ಲೇ ಬಂದು ನಿಲ್ಲುವುದರಿಂದ, ತಗ್ಗು ಏರಿಸಿದಾಗೆಲ್ಲ ಅದೂ ಏರುತ್ತದೆ. ಡಬ್ಬಿಯಲ್ಲಿ ‘ಗ್ರೌಂಡ್ ಲಿಫ್ಟ್’ ಎಂಬ ಸ್ವಿಚ್ ಇರುವುದು ಇದಕ್ಕಾಗಿ: ಆಂಪ್ಲಿಫೈಯರಿಗೂ ಮಿಕ್ಸರಿಗೂ ಎರಡೆರಡು ಕಡೆ ಅರ್ಥಿಂಗ್ ಆಗಿ ಉಂಟಾದ ಬಳಸುದಾರಿಯನ್ನು ಅದು ಕಡಿಯುತ್ತದೆ. ಕೆಲವು ವೇದಿಕೆಗಳಲ್ಲಿ ಇದೇ ಝೇಂಕಾರ ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ನನ್ನೇ ಮುರಿದುಹಾಕುವ ಚಾಳಿಯಿದೆ. ಮಳೆಯಲ್ಲಿ ನೆನೆದ ಪೆಂಡಾಲು, ಕೈಯಲ್ಲಿ ಲೋಹದ ತಂತಿ, ತುಟಿಗೆ ತಾಗುವ ಮೈಕು. ಅಲ್ಲಿ ಅರ್ಥಿಂಗ್ ಕಡಿದವರ ಜೊತೆ ನುಡಿಸಬೇಡಿ, ಸಂಭಾವನೆ ಎಷ್ಟೇ ಇರಲಿ.

ಡಬ್ಬಿಗೆ ಮುಂಚಿನದು

ಹೊರಗಿನ ಪ್ರಿಆಂಪಿನ ಬಗ್ಗೆ ಉತ್ಸಾಹದಿಂದ ಮಾತಾಡುವವರ ಮುಂದೆ ಜೇಮ್ಸ್ ಜೇಮರ್‌ಸನ್ ಹೆಸರು ತೆಗೆದರೆ ಒಂದು ನಿಮಿಷ ಮೌನ. ಡೆಟ್ರಾಯಿಟ್‌ನ ಮೋಟೌನ್ ಧ್ವನಿಮುದ್ರಿಕೆ ಕಂಪನಿಗೆ 1960ರ ದಶಕದುದ್ದಕ್ಕೂ ಬೇಸ್ ನುಡಿಸಿದ ಇವರ ಹತ್ತಿರ ಇದ್ದದ್ದು ಬ್ಯಾಟರಿಯಿಲ್ಲದ 1962ರ ಪ್ರಿಸಿಶನ್ ಬೇಸ್. ಲಾ ಬೆಲ್ಲಾ ಕಂಪನಿಯ ನುಣುಪು ಸುತ್ತಿನ ದಪ್ಪ ತಂತಿಗಳು. ಕಿತ್ತುಹೋಗದ ಹೊರತು ಬದಲಿಸುತ್ತಿರಲಿಲ್ಲ. ಬ್ರಿಜ್ಜಿನ ಹತ್ತಿರ ತಂತಿಗೆ ಒತ್ತಿಕೊಂಡ ಸ್ಪಂಜಿನ ತುಂಡು. ಬಲಗೈಯಲ್ಲಿ ದುಡಿಯುತ್ತಿದ್ದುದು ತೋರುಬೆರಳೊಂದೇ. ಸ್ಟುಡಿಯೋದಲ್ಲೇ ಮಾಡಿದ್ದ ಡಿಐ ಮೂಲಕ ನೇರ ಮಿಕ್ಸರಿಗೆ. ಪಾಪ್ ಸಂಗೀತದಲ್ಲಿ ಬೇಸ್ ಹೇಗೆ ಕೇಳಬೇಕು ಎಂಬುದನ್ನೇ ಬದಲಾಯಿಸಿದ ಸದ್ದು ಅಲ್ಲಿಂದ ಹೊರಟಿತು. ಆ ಡಿಐ ಪೆಟ್ಟಿಗೆ, ಮಿಕ್ಸರಿನ ಒಳಗಿನ ಪ್ರಿಆಂಪ್ ತಮ್ಮ ಕೆಲಸ ಮಾಡಿರಲೇಬೇಕು ಎನ್ನುವುದು ನಿಜ. ಸೋರದಂತೆ ಕಾದವು. ಆದರೆ ಆ ಟೋನನ್ನು ಕೊಟ್ಟಿದ್ದು ಬೆರಳು, ಸ್ಪಂಜು, ಹಳೆಯ ತಂತಿ.

ಆದ್ದರಿಂದ ಹಣ ಖರ್ಚು ಮಾಡುವ ಕ್ರಮದಲ್ಲಿ ಡಬ್ಬಿ ಮೊದಲಲ್ಲ. ಯಾವ ತಂತಿ, ಎಷ್ಟು ಹಳೆಯದು ಎಂಬುದು ಡಬ್ಬಿಗಿಂತ ದೊಡ್ಡ ವ್ಯತ್ಯಾಸ ತರುತ್ತದೆ. ಪಿಕಪ್ಪಿನ ಎತ್ತರವನ್ನು ಸ್ಕ್ರೂಡ್ರೈವರಿನಲ್ಲಿ ಅರ್ಧ ಸುತ್ತು ತಿರುಗಿಸಲು ಖರ್ಚಿಲ್ಲ. ಬ್ರಿಜ್ಜಿನ ಹತ್ತಿರ ಮೀಟಿದರೆ ನಡುಸ್ವರ ತಾನಾಗಿ ಏರುತ್ತದೆ, ಕುತ್ತಿಗೆಯತ್ತ ಸರಿದರೆ ಉರುಟಾಗುತ್ತದೆ. ಎಷ್ಟೋ ಸಲ ಇದೇ ಸಾಕು. ಇದಿಷ್ಟೂ ಆದ ಮೇಲೂ ಮಿಕ್ಸರಿಗೆ ನೇರ ಚುಚ್ಚಬೇಕಾದ ವೇದಿಕೆಗಳಲ್ಲಿ ನುಡಿಸುತ್ತೀರಿ ಎಂದಾದರೆ ಡಬ್ಬಿ ಬೇಕೇ ಬೇಕು. ಸೋಲ್ಡರಿಂಗ್ ಬಲ್ಲವರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಟಿಎಲ್072 ಚಿಪ್ಪು, ನಾಲ್ಕಾರು ರೆಸಿಸ್ಟರು ಕೆಪಾಸಿಟರು, ಗುಂಡಿ, ಅಲ್ಯೂಮಿನಿಯಂ ಪೆಟ್ಟಿಗೆ ಎಲ್ಲ ಸಿಗುತ್ತವೆ. ಹತ್ತು ಲಕ್ಷ ಓಮ್‌ನ ಬಾಯಿ, ಬ್ಯಾಕ್ಸಂಡಲ್ ನಕ್ಷೆ ಎರಡೂ ಒಂದು ಚಿಪ್ಪಿನಲ್ಲಿ ಮುಗಿಯುತ್ತವೆ. ಸ್ಲ್ಯಾಪ್ ನುಡಿಸುವವರು ಒಂಬತ್ತು ವೋಲ್ಟಿನ ಬದಲು ಹದಿನೆಂಟು ಕೊಡಲಿ; ಹೆಬ್ಬೆರಳಿನ ಹೊಡೆತದ ಮೊನೆ ಒಂಬತ್ತರ ಚಾವಣಿಗೆ ತಲೆ ಬಡಿಸಿಕೊಳ್ಳುತ್ತದೆ.

ಕೊಳ್ಳುವವರು ಅಂಗಡಿಯಲ್ಲಿ ಒಂದು ಕೆಲಸ ಮಾಡಬೇಕು. ಪ್ರಿಆಂಪ್ ಒತ್ತಿದ ಕೂಡಲೇ ಸದ್ದು ತುಸು ಜೋರಾಗುತ್ತದೆ, ಜೋರಾದದ್ದು ಕಿವಿಗೆ ಚೆಂದ ಎನ್ನಿಸುತ್ತದೆ. ಅರ್ಧ ವ್ಯಾಪಾರ ಅಲ್ಲೇ ಮುಗಿಯುತ್ತದೆ. ಹಾಗಾಗಿ ಲೆವೆಲ್ ಗುಂಡಿಯನ್ನು ಇಳಿಸಿ, ಡಬ್ಬಿ ಇದ್ದಾಗಲೂ ಇಲ್ಲದಿದ್ದಾಗಲೂ ಸದ್ದು ಒಂದೇ ಸಮ ಆಗುವವರೆಗೆ ಹೊಂದಿಸಿ. ಮೊಬೈಲಿನಲ್ಲಿ ಒಂದು ಹಾಡು ಹಾಕಿ, ಅದರ ಜೊತೆ ನೀವು ನುಡಿಸುತ್ತಿರುವಾಗ ನಿಮಗೆ ಹೇಳದೆ ಕೇಳದೆ ಸ್ವಿಚ್ ಒತ್ತಲು ಗೆಳೆಯನಿಗೆ ಹೇಳಿ. ಯಾವಾಗ ಒತ್ತಿದ ಎಂದು ನಿಮಗೆ ಗೊತ್ತಾಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಗೊತ್ತಾದರೆ, ಮತ್ತು ಹಾಡಿನೊಳಗೆ ನಿಮ್ಮ ಬೇಸ್ ಮೊದಲಿಗಿಂತ ಸ್ಪಷ್ಟವಾಗಿ ಕೇಳಿದರೆ, ಬೆಲೆ ಚೌಕಾಶಿ ಶುರುಮಾಡಿ.